ಕಸಿ ಕುಳ್ಳಯ್ಯನೂ ಆರು ಟೊಮ್ಯಾಟೊ ಗಿಡಗಳೂ

"ಹಾನುಬಾಳಿಂದ ಹೊಂಗಡಹಳ್ಳದ ತನಕ, ನನ್ನ ಕತ್ತರಿ ಕಂಡು ಮೈ ಮುದುರ್ಕಳ್ದೆ ಇರೋ ಒಂದು ಗಿಡ ತೋರ್ಸು ಮಾರಾಯ, ಮೀಸೆ ಬೋಳಿಸ್ಕತೀನಿ!"

ಕುಳ್ಳಯ್ಯ ಈ ಮಾತು ಹೇಳದ ದಿನವಿರಲಿಲ್ಲ. ಕೇಳಿಸಿಕೊಳ್ಳುವವನು ಹೆಚ್ಚಾಗಿ ಜೀಪಿನ ತಾಜುದ್ದೀನ್. ಹಾನುಬಾಳಿಗೂ ಆಲೂರಿಗೂ ನಡುವೆ ಜನ, ಕೋಳಿ, ಸುದ್ದಿ ಮೂರನ್ನೂ ಒಂದೇ ಬಾಡಿಗೆಗೆ ಸಾಗಿಸುತ್ತಿದ್ದ ಅವನು, "ಹೌದೌದು, ಮೊನ್ನೆ ನಿನ್ನ ನೋಡಿ ಲೈಟ್ ಕಂಬಾನೂ ಬಗ್ಗೋಯ್ತು ಕಣೋ," ಅನ್ನುತ್ತಿದ್ದ.

ಬಡಾಯಿಯಲ್ಲಿ ಕಾಸಿನಷ್ಟು ಸತ್ಯವೂ ಇತ್ತು. ಕುಳ್ಳಯ್ಯ ಎಸ್ಟೇಟಿನಲ್ಲಿ ಕಸಿ ಮೇಸ್ತ್ರಿಯಾಗಿದ್ದವನು. ಕಾಫಿ ಗಿಡದ ತಲೆಯನ್ನು ಎದೆಮಟ್ಟಕ್ಕೆ ಕತ್ತರಿಸಿ, ನೆಟ್ಟಗೆ ಏಳುವ ಚಿಗುರನ್ನೆಲ್ಲ ಕಿತ್ತು, ಹೊಟ್ಟೆಯೊಳಗೆ ಬೆಳಕಾಡುವಂತೆ ಬಿಡಿಸುವುದಕ್ಕೆ ಈ ಕಡೆ ಕಸಿ ಎನ್ನುತ್ತಾರೆ. ಅವನು ಕಸಿ ಮಾಡಿದ ಗಿಡದ ನಡುವೆ ಧಣಿಗಳು ಟೋಪಿ ಎಸೆದರಂತೆ. ಅದು ಒಂದೆಲೆಗೂ ತಾಗದೆ ದಾಟಿ, ಹಾಗೇ ಮುಂದಿನ ಎಸ್ಟೇಟಿಗೆ ಹೋಯಿತಂತೆ. ಇದನ್ನು ಕಂಡವನು ಕುಳ್ಳಯ್ಯ ಒಬ್ಬನೇ.

ಮೊಣಕಾಲು ಕೈಕೊಟ್ಟ ಮೇಲೆ ಕೆಲಸ ಬಿಟ್ಟು ಮನೆ ಸೇರಿದ. ಕಾಲು ನಿಂತಿತು, ಕೈ ನಿಲ್ಲಲಿಲ್ಲ. ಜಗಲಿಯಲ್ಲಿ ಕೂತರೆ ಕತ್ತರಿ ತನ್ನಷ್ಟಕ್ಕೆ ಕಚಕಚ ಅನ್ನುತ್ತಿತ್ತು. ದಾಸವಾಳ ಬೋಳಾಯಿತು, ಬೇಲಿ ಬೋಳಾಯಿತು, ಒಣಗಲು ಹಾಕಿದ್ದ ಕಂಬಳಿಯ ಅಂಚೂ ಸಮನಾಯಿತು. ಬೆಕ್ಕು ತನ್ನ ಮೀಸೆ ಉಳಿಸಿಕೊಳ್ಳಲು ಪಕ್ಕದ ಮನೆ ಸೇರಿಕೊಂಡಿತು.

ಅವನ ಕತ್ತರಿ ಮುಟ್ಟದಿದ್ದ ಜಾಗ ಒಂದೇ, ಹಿತ್ತಲಲ್ಲಿ ಹೆಂಡತಿ ಗಂಗಾಮಣಿಯ ಟೊಮ್ಯಾಟೊ ಪಾತಿ. ಅವಳ ಅವ್ವ ಕೊಟ್ಟ ನಾಟಿ ತಳಿ. ಹೊರಗೆ ಕುಂಬಳದ ಹಾಗೆ ಉಬ್ಬುಉಬ್ಬು, ಒಳಗೆ ಹುಳಿ. ಅದರ ಸಾರು ಕುದಿಯುವಾಗ ಘಾಟಿ ಹತ್ತುವ ಲಾರಿಗಳು ಗೇರ್ ಇಳಿಸಿ ಮೂಸುತ್ತಿದ್ದವು. ಅವ್ವ ತೀರಿಕೊಂಡಿದ್ದಳು, ತವರಿನ ಹಿತ್ತಲು ಬೀಳುಬಿದ್ದಿತ್ತು. ವರ್ಷವೂ ಒಳ್ಳೆ ಹಣ್ಣಿನ ಬೀಜವನ್ನು ಸಗಣಿಯಲ್ಲಿ ಕಲಸಿ, ಬಿಲ್ಲೆ ತಟ್ಟಿ, ಅಡಿಗೆಮನೆ ಗೋಡೆಗೆ ಅಂಟಿಸಿಡುವುದು ಗಂಗಾಮಣಿಯ ಕ್ರಮ. ಆ ಮಳೆಗಾಲದಲ್ಲಿ ಗೋಡೆ ಸೋರಿ ಒಂದೇ ಬಿಲ್ಲೆ ಉಳಿದಿತ್ತು. ಅರ್ಧ ಬಿತ್ತಿ ಆರು ಗಿಡ ಮಾಡಿದ್ದಳು. ಆ ತಳಿ ಎಂದರೆ ಇನ್ನು ಇಷ್ಟೇ.

ಅಷ್ಟರಲ್ಲಿ ಆಲೂರಲ್ಲಿದ್ದ ಮಗಳ ಬಾಣಂತನಕ್ಕೆ ಅವಳು ಹೊರಡಬೇಕಾಯಿತು. ಜೀಪು ಹತ್ತಿಯೂ ಕತ್ತು ಹೊರಗೆ ಹಾಕಿ ಹೇಳಿದಳು:

"ತಲೆ ಮುಟ್ಬೇಡಿ. ಎಲೆ ಕಂಕುಳಲ್ಲಿ ಬರೋ ಚಿಗುರು ಮಾತ್ರ ಉಗುರಲ್ಲಿ ಚಿವುಟಿ. ನೀರು ಬುಡಕ್ಕೆ, ಒಂದು ಚೊಂಬು. ಕತ್ತರಿ ಮಾತ್ರ ತಗೀಬೇಡಿ ಮಾರಾಯ್ರೆ, ನಿಮ್ಮ ದಮ್ಮಯ್ಯ!"

"ಗಿಡದ ವಿಷ್ಯ ನಂಗೇ ಹೇಳ್ಕೊಡ್ತಿಯೇನೇ?"

ಕುಳ್ಳಯ್ಯ ಒಂದು ವಾರ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ. ಆರು ಗಿಡ ಕೋಲು ಹಿಡಿದು ನೆಟ್ಟಗೆ ಏಳುತ್ತಿದ್ದವು. ನೆಟ್ಟಗೆ ಏಳುವುದನ್ನು ಕಂಡರೆ ಕಸಿಯವನಿಗೆ ಮೈಯೆಲ್ಲ ತುರಿಕೆ. ಎಂಟನೇ ದಿನ ಬೆಳಿಗ್ಗೆ, 'ಒಂದು ಸಲ ನೋಡಿ ಬರುವ' ಎಂದು ಹೋದವನು ಕತ್ತರಿಯನ್ನೂ ನೋಡಲು ಕರೆದುಕೊಂಡು ಹೋದ.

ಕಾಫಿಗೆ ಮಾಡಿದ್ದನ್ನೇ ಟೊಮ್ಯಾಟೊಗೂ ಮಾಡಿದ. ತಲೆ ಹಾರಿಸಿದ, ಹೊಟ್ಟೆ ಬಿಡಿಸಿದ. ಹೂವಿನ ಗೊಂಚಲು ತಲೆಯ ಜೊತೆಗೇ ಹೋಯಿತು. ಕೊಯ್ದದ್ದನ್ನೆಲ್ಲ ಎಸ್ಟೇಟಿನ ರೂಢಿಯಂತೆ ಅಡಿಗೆಮನೆ, ಬಚ್ಚಲ ನೀರು ಹರಿಯುವ ಗುಂಡಿಗೆ ಹಾಕಿ, ಒಂದು ಮಂಕರಿ ತರಗೆಲೆ ಸುರಿದು ಹಿಂದಿರುಗಿ ನೋಡಿದ. ಆರು ಮೋಟು ಕಡ್ಡಿಗಳು ಕೋಲಿಗೆ ಕಟ್ಟಿಸಿಕೊಂಡು, ಪೊಲೀಸರ ಮುಂದೆ ಕೈ ಎತ್ತಿದ ಕಳ್ಳರಂತೆ ನಿಂತಿದ್ದವು. ಅವನು ಕತ್ತರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಅಲ್ಲಿಂದ ಶುರುವಾಯಿತು ಓಡಾಟ. ಪಶ್ಚಾತ್ತಾಪಕ್ಕೆ ಹೊತ್ತುಹೊತ್ತಿಗೂ ಕೊಡಗಟ್ಟಲೆ ನೀರು ಸುರಿದ; ಮೋಟುಗಳು ಬುಡದಿಂದ ಕೊಳೆತವು. ಗೋಡೆಯ ಅರ್ಧ ಬಿಲ್ಲೆ ನೆನಪಾಯಿತು. ಪುಡಿಮಾಡಿ, ಮಣ್ಣು ಜರಡಿ ಹಿಡಿದು, ಉಗುರಿನಷ್ಟೇ ಆಳಕ್ಕೆ ಬಿತ್ತಿ, ಹುಲ್ಲು ಹೊದಿಸಿದ. ಇಲ್ಲಿಯವರೆಗೆ ಎಲ್ಲ ಸರಿ. ಆದರೆ ಹುಲ್ಲು ಮುಚ್ಚಿದ ಕೈಗೆ ಸುಮ್ಮನಿರಲು ಆಗಬೇಕಲ್ಲ! ಮಧ್ಯಾಹ್ನಕ್ಕೇ ಕೆದಕಿ ನೋಡಿದ, ಮೊಳೆತಿಲ್ಲ. ಸಂಜೆ ಕೆದಕಿದ. ಮರುದಿನ ಒಂದನ್ನು ಹೊರತೆಗೆದು, ಕಿವಿಯ ಹತ್ತಿರ ಹಿಡಿದು ಆಲಿಸಿ, ಮತ್ತೆ ಹೂತ. ಬಿಳಿ ಮೊಳಕೆ ಬಂದ ನಾಲ್ಕಾರನ್ನು ಎಲ್ಲರಿಗಿಂತ ಮೊದಲು ಕಂಡವನೂ ಅವನೇ, ಮುರಿದವನೂ ಅವನೇ.

ತಾಜುದ್ದೀನ್ ಬಂದು ಪಾತಿ ನೋಡಿ ಹಣೆ ಹಣೆ ಚಚ್ಚಿಕೊಂಡ. "ಯಾ ಅಲ್ಲಾ! ಇದೇನೋ, ಆನೆ ಬಂದಿತ್ತಾ?"

"ಆನೆ ಬಂದಿದ್ರೆ ಇಷ್ಟು ನೀಟಾಗಿ ಮಾಡ್ತಿರ್ಲಿಲ್ಲ ಬಿಡು."

"ಆಲೂರು ಸಂತೇಲಿ ಹೈಬ್ರಿಡ್ ಸಸಿ ಐತೆ. ತಂದ್ಕೊಡ್ತೀನಿ, ನೆಟ್ಬುಡು. ಅಕ್ಕಂಗೆ ಎಲ್ಲಿ ಗೊತ್ತಾಯ್ತದೆ?"

ಕುಳ್ಳಯ್ಯ ಹೂಂ ಅನ್ನಲು ಬಾಯಿ ತೆರೆದ. ಆಮೇಲೆ ಅವ್ವನ ಹಣ್ಣನ್ನು ಕೈಯಲ್ಲಿ ತಿರುವಿ ತಿರುವಿ ಬೀಜಕ್ಕೆ ಆರಿಸುತ್ತಿದ್ದ ಗಂಗಾಮಣಿಯ ಮುಖ ಕಣ್ಣೆದುರು ಬಂದು ಬಾಯಿ ತಾನಾಗಿ ಮುಚ್ಚಿತು. "ಬ್ಯಾಡ ಮಾರಾಯ. ಎಲೆ ಮೂಸಿದ್ರೇ ಅವ್ಳಿಗೆ ಗೊತ್ತಾಯ್ತದೆ. ಗೊತ್ತಾಗ್ದಿದ್ರೆ ಇನ್ನೂ ಕಷ್ಟ," ಎಂದ.

ಆಮೇಲೆ ಅವನು ಜಗಲಿಯಿಂದ ಗೇಟಿಗೆ, ಗೇಟಿನಿಂದ ಜಗಲಿಗೆ ನಡೆದು ನಡೆದು ಅಂಗಳದಲ್ಲಿ ಕಾಲುವೆಯೇ ಬಿತ್ತು. ಯಾವ ಜೀಪಿನ ಸದ್ದಿಗೂ ಎದ್ದು ನಿಲ್ಲುವನು. ಕತ್ತರಿಯನ್ನು ಅಟ್ಟಕ್ಕೆ ಎಸೆದ. ಹಿತ್ತಲ ಕಡೆಗಂತೂ ಮುಖವನ್ನೇ ಹಾಕಲಿಲ್ಲ. ಸ್ನಾನವನ್ನೂ ಮುಂಬಾಗಿಲ ತೊಟ್ಟಿಯ ಬಳಿಯೇ ಮುಗಿಸಿದ.

ಮೂರು ತಿಂಗಳ ಬಾಣಂತನ ಮುಗಿಸಿ ಕೊನೆಗೊಂದು ದಿನ ಗಂಗಾಮಣಿ ಇಳಿದೇಬಿಟ್ಟಳು. ತಾಜುದ್ದೀನ್ ದಾರಿಯಲ್ಲೇ ಸುದ್ದಿ ಇಳಿಸಿದ್ದನೆಂದು ಅವಳ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಚೀಲವನ್ನೂ ಕೆಳಗಿಡದೆ ಹಿತ್ತಲಿಗೆ ಹೋದಳು. ಕುಳ್ಳಯ್ಯ ಬಾಗಿಲ ಮರೆಯಲ್ಲಿ ನಿಂತು ಬೈಗುಳಕ್ಕೆ ಕಿವಿ ಸಿದ್ಧಮಾಡಿಕೊಂಡ. ಸದ್ದಿಲ್ಲ. ಅದು ಇನ್ನೂ ಭಯಂಕರ. ಮೆಲ್ಲಗೆ ಇಣುಕಿದ.

ಅವಳು ಬಚ್ಚಲ ಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಳು. ಅವನು ಎಸೆದ ತಲೆಗಳು ಒದ್ದೆ ತರಗೆಲೆಯೊಳಗೆ ಬೇರು ಬಿಟ್ಟು, ಗುಂಡಿ ತುಂಬಿ, ದಡ ಹತ್ತಿ ಹಬ್ಬಿದ್ದವು. ಎಲೆಯ ಮರೆಯಲ್ಲಿ ಉಬ್ಬುಉಬ್ಬು ಕಾಯಿಗಳು. ಅವಳು ಒಂದೆಲೆ ಉಜ್ಜಿ ಮೂಸಿದಳು. ಸೆರಗಿನಲ್ಲಿ ಕಣ್ಣೊರೆಸಿ, ಗಂಡನ ಕಡೆ ತಿರುಗಿದಳು.

"ಕತ್ತರಿ ಹಾಕಿದ್ದು ಮೋಟಾಯ್ತು, ನೀರು ಹಾಕಿದ್ದು ಕೊಳ್ತೋಯ್ತು, ಬಿತ್ತಿದ್ದು ಮುರ್ದೋಯ್ತು. ನೀವು ತಿರುಗೀ ನೋಡ್ದೆ ಬಿಟ್ಟಿದ್ದು ಮಾತ್ರ ಹೆಂಗೆ ಬಂದೈತೆ ನೋಡಿ!"

ಕುಳ್ಳಯ್ಯನಿಗೆ ಉಸಿರು ಬಂತು. ಉಸಿರಿನ ಹಿಂದೆಯೇ ಬಾಯೂ ಬಂತು.

"ಹಂಗಾದ್ರೆ ಚೀಲ ಕೆಳಗಿಡ್ಬೇಡ ಕಣೇ. ಜೀಪು ಇನ್ನೂ ನಿಂತೈತೆ. ಇನ್ನೊಂದು ತಿಂಗಳು ಆಲೂರಲ್ಲಿದ್ದು ಬಾ, ನಾನೂ ಒಂದಿಷ್ಟು ಚಿಗುರ್ಕತೀನಿ!"