ಒಂದೇ ಬಸಿರಿನ ಎರಡು ಬೆನ್ನು

ಭದ್ರಾವತಿ ಹಳೇನಗರದ ಕಲ್ಲಮ್ಮನಿಗೆ ಎಪ್ಪತ್ತಾರು. ಕಂಡವರು ತೊಂಬತ್ತು ಅಂದುಕೊಳ್ಳುತ್ತಾರೆ. ಬೆನ್ನು ಬಾಗಿ ಬಾಗಿ, ಈಗ ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಅವರ ಚಪ್ಪಲಿ ಕಾಣುತ್ತದೆ. "ಬಂದೋರ್ಯಾರು ಅಂತ ನಂಗೆ ಚಪ್ಪಲೀಲೇ ಗೊತ್ತಾಗುತ್ತೆ ಮಾರಾಯ್ತಿ" ಅಂತ ಅವರೇ ನಗುತ್ತಾರೆ. ಆ ನಗು ಮುಗಿಯುವುದು ಕೆಮ್ಮಿನಲ್ಲಿ.

ಅದೇ ದಿನ, ಅದೇ ಬಸಿರಿನಲ್ಲಿ, ಕಾಲು ಗಂಟೆ ತಡವಾಗಿ ಹುಟ್ಟಿದ ತಂಗಿ ಲಿಂಗಮ್ಮ ಶಿವಮೊಗ್ಗದಲ್ಲಿದ್ದಾರೆ. ನೆಟ್ಟಗೆ ನಡೆಯುತ್ತಾರೆ. ಯಾರ ಕೈಯನ್ನೂ ಹಿಡಿಯದೆ ಸಿಟಿ ಬಸ್ ಹತ್ತುತ್ತಾರೆ. ಕಬ್ಬನ್ನು ಹಲ್ಲಿನಲ್ಲೇ ಸಿಗಿಯುತ್ತಾರೆ. ಹಣೆ, ಮೂಗು, ಕಿವಿ ಮಾತ್ರ ಅಕ್ಕನದೇ ಅಚ್ಚು.

ಹುಟ್ಟಿದಾಗ ತಾಯಿಗೆ ಇಬ್ಬರಿಗಾಗುವಷ್ಟು ಹಾಲಿರಲಿಲ್ಲ. ಒಂದನ್ನು ಮಕ್ಕಳಿಲ್ಲದ ಸೋದರತ್ತೆಗೆ ಕೊಡುವುದು ಅಂತಾಯಿತು. ಅತ್ತೆ ಶಿವಮೊಗ್ಗದಿಂದ ಬಂದಾಗ ದೊಡ್ಡದು ಅಳುತ್ತಿತ್ತು, ಚಿಕ್ಕದು ಮಲಗಿತ್ತು. ಮಲಗಿದ್ದನ್ನೇ ಎತ್ತಿಕೊಂಡು ಹೋದರು. "ಆವತ್ತು ನಿದ್ದೆ ಮಾಡಿದ್ದೊಂದೇ ನಾನು ಮಾಡಿದ ಪುಣ್ಯ" ಅನ್ನುತ್ತಾರೆ ಲಿಂಗಮ್ಮ. ತಮಾಷೆಗೆ ಹೇಳುವುದಲ್ಲ.

ಅತ್ತೆಯ ಮನೆಯಲ್ಲಿ ಕರೆಯುವ ಎಮ್ಮೆ ಇತ್ತು, ಓದಿಸುವ ಮನಸ್ಸಿತ್ತು. ಲಿಂಗಮ್ಮನಿಗೆ ಇಪ್ಪತ್ತೆರಡಕ್ಕೆ ಮದುವೆ. ಗಂಡ ಮೇಷ್ಟ್ರು, ಎರಡೇ ಮಕ್ಕಳು. ಕಲ್ಲಮ್ಮನಿಗೆ ಹದಿನೈದಕ್ಕೇ ಮದುವೆ, ಏಳು ಹೆರಿಗೆ. ಗಂಡ ಬೇಗ ಹೋದ. ಆಮೇಲೆ ಇಪ್ಪತ್ತೆಂಟು ವರ್ಷ ಅಕ್ಕಿ ಗಿರಣಿಯಲ್ಲಿ ಮೂಟೆ ಎತ್ತಿದ್ದು. ಹಗಲೆಲ್ಲ ಭತ್ತದ ಹೊಟ್ಟಿನ ದೂಳು, ಸಂಜೆ ಮನೆಗೆ ಬಂದರೆ ಅದೇ ಹೊಟ್ಟು ತುಂಬಿದ ಒಲೆಯ ಹೊಗೆ. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿ ಏನು ಉಳಿದಿದೆಯೋ ಅದೇ ಊಟ. ಏನೂ ಉಳಿಯದಿದ್ದರೆ, "ಇವತ್ತು ಸೋಮವಾರ, ನಂಗೆ ಉಪವಾಸ." ಕಲ್ಲಮ್ಮನ ಒಂದು ವಾರದಲ್ಲಿ ಮೂರ್ನಾಲ್ಕು ಸೋಮವಾರ ಬರುತ್ತಿದ್ದವು. ಮಕ್ಕಳು ನಂಬುತ್ತಿದ್ದವು. ನಂಬುವುದು ಅವಕ್ಕೂ ಅನುಕೂಲವಾಗಿತ್ತು.

ಯಾರಾದರೂ ಗಟ್ಟಿಯಾಗಿ ಮುಪ್ಪಾದರೆ ನಾವು 'ವಂಶದ ಕಸುವು' ಅನ್ನುತ್ತೇವೆ. ಬೇಗ ಬಾಗಿದರೆ 'ಹಣೆಬರಹ' ಅನ್ನುತ್ತೇವೆ. ಎರಡೂ ಸೋಮಾರಿಗಳ ಮಾತು. ರಕ್ತಕ್ಕೂ ಪಾಲಿದೆ, ಇಲ್ಲ ಅಂತಲ್ಲ. ಆದರೆ ಯಾರ ತಟ್ಟೆಗೆ ಏನು ಬಿತ್ತು, ಯಾರ ಎದೆಗೆ ಯಾವ ಗಾಳಿ ಹೋಯಿತು, ಯಾರ ಬೆನ್ನ ಮೇಲೆ ಎಷ್ಟು ಹೇರಿದೆವು ಅಂತ ಕೇಳಿದರೆ ಉತ್ತರ ನಮ್ಮ ಮನೆ ಬಾಗಿಲಿಗೇ ಬರುತ್ತದಲ್ಲ, ಅದಕ್ಕೇ ನಾವು ಕೇಳುವುದಿಲ್ಲ.

ಕಳೆದ ಮಾಘದಲ್ಲಿ ಕೇಳುವ ಹೊತ್ತು ಬಂತು. ಕಲ್ಲಮ್ಮನ ಮೊಮ್ಮಗಳು ತನುಜಾ ಶಿವಮೊಗ್ಗದ ಆಸ್ಪತ್ರೆಯೊಂದರಲ್ಲಿ ನರ್ಸ್. ಅವಳಿಗೊಂದು ಸಂಬಂಧ ಕೂಡಿ ಬಂದಿತ್ತು. ಹುಡುಗನ ಜೊತೆ ಎರಡು ಸಲ ಮಾತಾಡಿದ್ದಳು, ಇಷ್ಟವಾಗಿದ್ದ. ಮನೆ ನೋಡಲು ಬರುವ ಎರಡು ದಿನ ಮೊದಲು ಹುಡುಗನ ಕಡೆಯಿಂದ ಫೋನು: "ಅಜ್ಜಿಗೆ ಗೂನು, ದಮ್ಮು ಅಂತ ಯಾರೋ ಅಂದ್ರು. ವಂಶದಲ್ಲೇ ಇದೆಯಾ?"

ಕಲ್ಲಮ್ಮನ ಮಗ, ತನುಜಾಳ ಅಪ್ಪ ವಿಜಯಕುಮಾರ್, ಒಂದು ಉಪಾಯ ಹೂಡಿದ. ಶಿವಮೊಗ್ಗದ ಚಿಕ್ಕಮ್ಮನನ್ನು ಕರೆಸಿ ಅಜ್ಜಿಯ ಜಾಗದಲ್ಲಿ ಕೂರಿಸುವುದು.

"ಮದುವೆ ದಿನ ಏನ್ ಮಾಡ್ತೀಯ ಅಪ್ಪ? ಚಪ್ಪರದಲ್ಲೂ ಅಜ್ಜಿ ಬದಲಾಯಿಸ್ತೀಯಾ?" ಅಂದಳು ತನುಜಾ.

"ಅದು ಆಮೇಲಿನ ಮಾತು."

"ನಂಗೆ ಬೇಡ ಇಂಥ ಮದುವೆ."

ಕಲ್ಲಮ್ಮ ಮೊಮ್ಮಗಳ ಕೈ ಹಿಡಿದರು. "ತನು, ನನ್ನ ಕೆಮ್ಮಿನಿಂದ ನಿನ್ನ ಮದುವೆ ಮುರಿದ್ರೆ ನಂಗೆ ಸಾಯೋಕೂ ಆಗಲ್ಲ. ಅಡುಗೆಮನೇಲಿ ಒಂದು ಗಂಟೆ ಕೂರೋದು ನಂಗೇನು ಹೊಸದಾ?" ತಂಗಿಯನ್ನೂ ಹೀಗೇ ಒಪ್ಪಿಸಿದರು.

ಭಾನುವಾರ ಬೆಳಿಗ್ಗೆ ಹುಡುಗನ ತಾಯಿ ಶಂಕರಮ್ಮ ಮಗನ ಜೊತೆ ಬಂದರು. ಲಿಂಗಮ್ಮ ಇಳಕಲ್ ಸೀರೆಯುಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಒಳಗೆ ಕಲ್ಲಮ್ಮ ಬಾಯಲ್ಲಿ ಲವಂಗ ಇಟ್ಟುಕೊಂಡು, ಸೆರಗು ಒತ್ತಿಕೊಂಡು, ಕೇಸರಿಬಾತಿನ ಪಾತ್ರೆಯ ಪಕ್ಕ ಕೂತಿದ್ದರು.

"ಎಷ್ಟಮ್ಮ ನಿಮಗೆ?" ಶಂಕರಮ್ಮ ಕೇಳಿದರು.

"ಎಪ್ಪತ್ತಾರು."

"ಹೇಳಕ್ಕಾಗಲ್ಲ ಬಿಡಿ. ಗೂನಜ್ಜಿ ಅಂತ ಯಾರೋ ಸುಮ್ನೆ ಹೇಳಿದ್ದಾರೆ. ಒಳ್ಳೇ ವಂಶ."

ಆಗಲೇ ಒಳಗಿನಿಂದ ಕೆಮ್ಮು. ತಡೆದು ತಡೆದು ಸೋತ ಕೆಮ್ಮು, ನಿಲ್ಲಲೇ ಇಲ್ಲ. ಎಲ್ಲರ ಕಣ್ಣು ಅಡುಗೆಮನೆ ಕಡೆ ಹೋಯಿತು.

"ಪಕ್ಕದ್ಮನೆಯವರು, ಕೆಲಸಕ್ಕೆ ಸ್ವಲ್ಪ ಕೈ ಕೂಡಿಸೋಕೆ ಬಂದಿದ್ದಾರೆ" ಅಂದ ವಿಜಯಕುಮಾರ್.

ಹೊಟ್ಟಿನ ದೂಳು ಕುಡಿದು ಅವನಿಗೆ ಡಿಪ್ಲೊಮಾ ಓದಿಸಿದ ತಾಯಿ ಅವತ್ತು ಪಕ್ಕದ ಮನೆಯವಳಾದಳು.

ತನುಜಾ ಏಳುವ ಮೊದಲೇ ಲಿಂಗಮ್ಮ ಎದ್ದರು. ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಕ್ಕನ ರಟ್ಟೆ ಹಿಡಿದು ಬಂದು, ತಾವು ಕೂತಿದ್ದ ಕುರ್ಚಿಯಲ್ಲೇ ಕೂರಿಸಿ, ಅವರ ಗಲ್ಲ ಮೇಲೆತ್ತಿ ತಮ್ಮ ಮುಖವನ್ನು ಪಕ್ಕಕ್ಕೆ ತಂದರು.

"ನೋಡಿ ಶಂಕರಮ್ಮ. ತನು ಅಜ್ಜಿ ಇವಳು. ಇಬ್ರೂ ಒಂದೇ ದಿನ ಹುಟ್ಟಿದ್ವಿ. ವಂಶ ನೋಡ್ಬೇಕು ಅಂದ್ರೆ ನನ್ನ ನೋಡಿ. ಬದುಕು ನೋಡ್ಬೇಕು ಅಂದ್ರೆ ಇವಳ್ನ ನೋಡಿ. ಇಪ್ಪತ್ತೆಂಟು ವರ್ಷ ಗಿರಣೀಲಿ ಮೂಟೆ ಹೊತ್ತ ಬೆನ್ನಿದು. ಆವತ್ತು ಅತ್ತೆ ಇವಳನ್ನ ಎತ್ಕೊಂಡಿದ್ರೆ ಈ ಗೂನು ನಂದಾಗ್ತಿತ್ತು."

ವಿಜಯಕುಮಾರ್ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಾ ನಿಂತ. ಶಂಕರಮ್ಮ ಎರಡೂ ಮುಖಗಳನ್ನು ಬಹಳ ಹೊತ್ತು ನೋಡಿದರು.

"ಸುಳ್ಳು ಹೇಳಿದ್ರಲ್ಲ, ಅದಕ್ಕೆ ನಂಗೆ ಸಿಟ್ಟು ಬಂದಿದೆ" ಅಂದರು. ಆಮೇಲೆ ಕಲ್ಲಮ್ಮನ ಕಡೆ ತಿರುಗಿ, "ಗಿರಣಿನಾ ಅಮ್ಮ? ನಮ್ಮಮ್ಮನೂ ಗಿರಣಿಗೇ ಹೋಗ್ತಿದ್ಲು. ಐವತ್ತೆರಡಕ್ಕೇ ಹೋಗ್ಬಿಟ್ಲು. ನಮ್ಮ ವಂಶ ಕೇಳಿದ್ರೆ ನಾನೂ ಏನ್ ಹೇಳ್ತಿದ್ನೋ."

ಕಲ್ಲಮ್ಮನಿಗೆ ಬೇಕಾಗಿದ್ದು ಒಂದೇ. "ನನ್ನಿಂದ ಕೆಟ್ಟೋಯ್ತಾ?"

ಶಂಕರಮ್ಮ ತಮ್ಮ ಕೈಲಿದ್ದ ಕೇಸರಿಬಾತಿನ ತಟ್ಟೆಯನ್ನು ಕಲ್ಲಮ್ಮನ ತೊಡೆಯ ಮೇಲಿಟ್ಟರು. "ತಿನ್ನಿ."

"ಅಯ್ಯೋ, ಬೀಗರು ತಿನ್ನದೆ ನಾನು ಹೆಂಗೆ—"

"ಬೀಗರು ಅಂದ್ರಲ್ಲ, ಹಾಗಾದ್ರೆ ಬೀಗರು ಹೇಳಿದ್ದು ಕೇಳಿ."

ತನುಜಾ ಅಜ್ಜಿಯ ಕಾಲ ಬುಡದಲ್ಲಿ ಕೂತಳು. ಕಲ್ಲಮ್ಮ ಒಂದು ಚಮಚ ಎತ್ತಿ, ಅರ್ಧದಲ್ಲೇ ನಿಲ್ಲಿಸಿ, ಕತ್ತು ತಿರುಗಿಸಿ ಅಡುಗೆಮನೆ ಕಡೆ ನೋಡಿದರು.

"ಎಲ್ಲರಿಗೂ ಸಾಕಾಗುತ್ತಾ ತನು?"

"ಸಾಕಾಗುತ್ತೆ ಅಜ್ಜಿ. ಇವತ್ತು ಭಾನುವಾರ, ನೀನು ತಿನ್ನು."