ಎಡಗಿವಿ ಮುಟ್ಟುವ ಪರೀಕ್ಷೆ

ದಾಖಲೆಯ ಪ್ರಕಾರ ನಾನು ಹುಟ್ಟಿದ್ದು ಜೂನ್ ಒಂದರಂದು. ನನ್ನ ತಮ್ಮ ಶರಣಪ್ಪನೂ ಜೂನ್ ಒಂದರಂದೇ. ಬಳಗಾನೂರಿನ ಶಾಲೆಗೆ ನಮ್ಮ ಜೊತೆ ಸೇರಿದ ಮುಕ್ಕಾಲು ಪಾಲು ಮಕ್ಕಳು ಅದೇ ದಿನ ಹುಟ್ಟಿದವರು. ಅವ್ವನನ್ನು ಕೇಳಿದರೆ ನಾನು ಭತ್ತದ ನಾಟಿ ಮುಗಿಯುವಾಗ ಹುಟ್ಟಿದವಳು. ಆದರೆ ಹೆಡ್‌ಮಾಸ್ತರರಿಗೆ ನಾಟಿ ಗೀಟಿ ಬೇಕಿರಲಿಲ್ಲ, ಶಾಲೆ ತೆರೆಯುವ ದಿನ ಸಾಕಿತ್ತು. ವಯಸ್ಸು ಅಳೆಯಲು ಅವರ ಬಳಿ ಒಂದೇ ವಿದ್ಯೆ ಇತ್ತು. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಒಂದನೇ ಕ್ಲಾಸು, ಇಲ್ಲದಿದ್ದರೆ ಮುಂದಿನ ವರ್ಷ ಬಾ. ಶರಣಪ್ಪನ ಕೈ ಎಟುಕದಿದ್ದಾಗ ಅವ್ವ ಅವನ ತಲೆಯನ್ನೇ ಬಗ್ಗಿಸಿ ಕಿವಿಯನ್ನು ಕೈಗೆ ತಲುಪಿಸಿದ್ದಳು. ಮಾಸ್ತರರು ನಕ್ಕು ಹೆಸರು ಬರೆದುಕೊಂಡರು.

ಹಾಗೆ ಶಾಲೆಯೊಳಗೆ ಹೋದ ಮನುಷ್ಯ ಈಗ ಮಗಳನ್ನು ಹಿಂದಕ್ಕೆ ಎಳೆಯಲು ಹೊರಟಿದ್ದ. ಮಸ್ಕಿಯಲ್ಲಿ ಅವನದು ಪಂಪ್‌ಸೆಟ್ಟಿನ ಅಂಗಡಿ. ಮಗಳು ರೇಣುಕಾ ಏಳನೇ ತರಗತಿ ಪಾಸಾಗಿದ್ದಾಳೆ, ಕಬಡ್ಡಿ ಚೆನ್ನಾಗಿ ಆಡುತ್ತಾಳೆ. ಅವಳನ್ನು ಲಿಂಗಸುಗೂರಿನ ಒಂದು ಖಾಸಗಿ ಶಾಲೆಗೆ ಹಾಕುತ್ತೇನೆ, ಮತ್ತೆ ಏಳನೇ ತರಗತಿಗೇ, ಎಂದು ಫೋನಿನಲ್ಲಿ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಸಿಂಧನೂರಿನ ನನ್ನ ಮನೆಯಿಂದ ಹೊರಟು, ಸಿಕ್ಕ ಬಸ್ಸು ಹತ್ತಿ ಮಸ್ಕಿಯ ಅವನ ಮನೆಗೆ ಬಂದೆ.

“ಒಂದ ವರ್ಷದ ಮಾತೈತಿ ಅಕ್ಕಾ,” ಎಂದ. “ಹೈಸ್ಕೂಲಿಗೆ ಹೋದ್ರ ದೊಡ್ಡ ಹುಡಿಗ್ಯಾರ ಕೈಯಾಗ ಸಿಕ್ಕೊಂತಾಳ. ಏಳನೇದ್ದಾಗ ಇದ್ರ ಸಣ್ಣಾರ ನಡುವ ಈಕೀನ ಹುಲಿ. ಕಪ್ಪು ತರ್ತಾಳ. ಎಲ್ಲಾರೂ ಮಾಡಾಕತ್ತಾರ.”

ಎಲ್ಲರೂ ಮಾಡುತ್ತಿದ್ದಾರಂತೆ! ಎಲ್ಲರೂ ಮಕ್ಕಳನ್ನು ಒಂದು ವರ್ಷ ತಡೆದರೆ ಎಲ್ಲರೂ ಮತ್ತೆ ಒಂದೇ ವಯಸ್ಸಿನವರಾಗುತ್ತಾರೆ. ಆಗ ಇನ್ನೊಂದು ವರ್ಷ ತಡೆಯಬೇಕು. ಹೀಗೇ ಹೋದರೆ ಏಳನೇ ತರಗತಿಯ ತಂಡದವರು ತಮ್ಮ ಮಕ್ಕಳನ್ನು ಗೆರೆಯಾಚೆ ಮಲಗಿಸಿ ಕಬಡ್ಡಿಗೆ ಇಳಿದಾರು. ಹಿಂದೆ ನಪಾಸಾದ ಮಗುವಿನ ಮನೆಯವರು ನಾಚಿಕೊಳ್ಳುತ್ತಿದ್ದರು. ಪಾಸಾದ ಮಗುವನ್ನು ಅದೇ ಕ್ಲಾಸಿನಲ್ಲಿ ಕೂರಿಸಿ ಮೀಸೆ ತಿರುವುವುದನ್ನು ನಾನು ಈಗಲೇ ಕಂಡದ್ದು. ಒಳ್ಳೆ ರೇಟು ಬರಲಿ ಎಂದು ಭತ್ತವನ್ನು ಗೋದಾಮಿನಲ್ಲಿಡುತ್ತಾರೆ, ಸರಿ. ಹುಡುಗಿಯನ್ನೂ ಇಡುವುದೇ? ಇನ್ನು ಇವಳ ಕೈಯಲ್ಲಿ ಬಿದ್ದು ಮೊಣಕಾಲು ತರಚಿಕೊಳ್ಳುವ ಆ ಸಣ್ಣವರು ಯಾರ ಮಕ್ಕಳು? ಇದನ್ನೆಲ್ಲ ನಾನು ಅವನಿಗೆ ಇಷ್ಟು ಮೆತ್ತಗೆ ಹೇಳಲಿಲ್ಲ ಎಂಬುದನ್ನು ನೀವು ಊಹಿಸಬಹುದು.

ರೇಣುಕಾ ಹೊಸ್ತಿಲ ಮೇಲೆ ಕೂತು ಕೇಳುತ್ತಿದ್ದಳು. ನಿನಗೇನು ಬೇಕೆಂದು ಅವಳನ್ನು ಇದುವರೆಗೆ ಯಾರೂ ಕೇಳಿಯೇ ಇರಲಿಲ್ಲವಂತೆ. ನಾನು ಕೇಳಿದೆ.

“ಶಬಾನಾ ಎಂಟನೇದ್ದಕ್ಕ ಹೊಂಟಾಳ, ಅತ್ತೀ,” ಎಂದಳು. ಶಬಾನಾ ಅವಳ ಬೆಂಚಿನ ಗೆಳತಿ, ದಿನವೂ ಸಂಜೆ ಎದುರು ತಂಡದಲ್ಲಿ ಆಡುವವಳು. “ಆಕಿ ಕಾಲು ಹಿಡದ್ರ ಬಿಡಂಗಿಲ್ಲ. ನಾ ಒಮ್ಮೀನೂ ಬಿಡಿಸ್ಕೊಂಡಿಲ್ಲ. ಆಕಿನ್ನ ಬಿಟ್ಟು ಆ ಸಣ್ಣ ಹುಡಿಗ್ಯಾರ್ನ ಮುಟ್ಟಿ ಬಂದ್ರ, ಅದೂ ಒಂದ್ ಆಟೇನು?”

“ಸುಮ್ಕಿರಬೇ, ನಿನಗೇನ್ ತಿಳೀತೈತಿ,” ಎಂದ ಅವಳಪ್ಪ.

ನನಗೆ ತಡೆಯಲಾಗಲಿಲ್ಲ. “ಶರಣಾ, ಬಲಗೈ ಎತ್ತಲೇ. ಎಡಗಿವಿ ಮುಟ್ಟು.”

ಅಂಗಡಿಯ ಯಜಮಾನನಾದರೂ ಅಕ್ಕನ ಗದರಿಕೆಗೆ ಕೈ ತಾನಾಗಿ ಮೇಲೆದ್ದಿತು. ಬೋಳು ನೆತ್ತಿಯವರೆಗೆ ಹೋಗಿ ನಿಂತಿತು. “ಭುಜ ಹಿಡ್ಕೊಂಡೈತಿ ಅಕ್ಕಾ,” ಎಂದು ನರಳಿದ.

“ಹಂಗಾರ ಮುಂದಿನ ವರ್ಷ ಬಾ,” ಎಂದೆ.

ರೇಣುಕಾ ಕಿಸಕ್ಕನೆ ನಕ್ಕು ಎದ್ದು ಬಂದಳು. ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, “ಇನ್ನೊಂದೀಟು ಬಗ್ಗಪ್ಪಾ,” ಎನ್ನುತ್ತ ಕಿವಿಯನ್ನು ಬೆರಳಿನವರೆಗೆ ತಂದಳು. ಅವಳು ಅಜ್ಜಿಯನ್ನು, ನಮ್ಮ ಅವ್ವನನ್ನು, ಕಂಡವಳೇ ಅಲ್ಲ.

ಶರಣಪ್ಪ ಕಿವಿಯ ಮೇಲಿನ ಕೈ ತೆಗೆಯಲಿಲ್ಲ. ತಲೆಯನ್ನೂ ಎತ್ತದೆ ಮಗಳನ್ನು ಕೇಳಿದ:

“ಆ ಶಬಾನಾ ಯಾವ ಹೈಸ್ಕೂಲಿಗೆ ಹೊಂಟಾಳ?”