ಲಂಡನ್ನಿಗೆ ಕಟ್ಟಿದ ಬುತ್ತಿ

ಹೋದ ವಾರ ಹಿಮ್ಮಡಿ ಒಡೆದಿತ್ತೆಂದು ಜೇನುಮೇಣಕ್ಕೆ ಒಂದಿಷ್ಟು ಎಣ್ಣೆ ಹಾಕಿ ಒಲೆಯ ಮೇಲೆ ಇಟ್ಟಿದ್ದೆ. ಮೇಣ ಕರಗಿ ವಾಸನೆ ಏಳುತ್ತಿದ್ದಂತೆ ನನ್ನ ಕೈ ನಿಂತಿತು. ಹುಕ್ಕೇರಿಯ ಈ ಅಡುಗೆಮನೆ ಮರೆಯಾಗಿ ಮೂಡಲಗಿಯ ತವರುಮನೆಯ ಅಡುಗೆಮನೆ ಕಣ್ಣ ಮುಂದೆ ಬಂತು. ಅಲ್ಲಿ ತಗಡಿನ ಡಬ್ಬಿಯ ಮುಚ್ಚಳದ ಸುತ್ತ ಮೇಣ ಸುರಿಯುತ್ತ ನಮ್ಮ ವೈನಿ ಕೂತಿದ್ದರು. ನನ್ನ ಅಣ್ಣನ ಹೆಂಡತಿ. ಅವರು ತೀರಿಕೊಂಡು ಇನ್ನೂ ಎರಡು ತಿಂಗಳಾಗಿಲ್ಲ...

ಅಣ್ಣ ಹತ್ತಿಯ ವ್ಯಾಪಾರ ಮಾಡುತ್ತಿದ್ದ. ಆ ವ್ಯವಹಾರದಲ್ಲಿ ಪರಿಚಯವಾಗಿದ್ದ ಸಾಹೇಬನೊಬ್ಬ ನೌಕರಿ ಮುಗಿಸಿ ಲಂಡನ್ನಿಗೆ ಮರಳುವಾಗ, ಒಮ್ಮೆ ಬಂದು ನಮ್ಮ ಊರು ನೋಡಿ ಹೋಗಿ ಎಂದಿದ್ದನಂತೆ. ಮರ್ಯಾದೆಗೆ ಆಡಿದ ಮಾತಿರಬಹುದು. ಅಣ್ಣ ಮಾತ್ರ ಅದನ್ನು ಮನಸ್ಸಿಗೆ ಹಚ್ಚಿಕೊಂಡ. ಹೋದರೆ ವೈನಿಯನ್ನು ಕರೆದುಕೊಂಡೇ ಹೋಗುವುದೆಂದು ಹಟ ಹಿಡಿದ. ವೈನಿ ಅಲ್ಲಿಯವರೆಗೆ ಕಂಡ ದೊಡ್ಡ ಊರೆಂದರೆ ಬೆಳಗಾವಿ.

ಸಂಜೆ ವೈನಿ ರೊಟ್ಟಿ ಬಡಿಯುವಾಗ ಅಣ್ಣ ಬಾಜೂ ಬಂದು ಕೂಡುತ್ತಿದ್ದ. ಪರಾತದ ಹಿಟ್ಟಿನಲ್ಲಿ ಬೆರಳಾಡಿಸಿ, ಇದು ಹೊಳಿ, ಇದು ನಾವು ಇಳಿಯುವ ಜಾಗ, ಇಲ್ಲಿ ದೊಡ್ಡ ಗಡಿಯಾರ ಎಂದು ಗೆರೆ ಎಳೆಯುತ್ತಿದ್ದ. ಯಾವ ದಿನ ಎಲ್ಲಿಗೆ ಎಂದು ಇಬ್ಬರಿಗೂ ವಾದ ನಡೆಯುತ್ತಿತ್ತು.

"ಹಡಗ ಬಂದ್ರ ಈ ಪೂಲ ನಡುವ ಬಿಚ್ಚಿ ಮ್ಯಾಲ ಏಳತೈತಿ" ಎಂದ ಒಮ್ಮೆ, ಹೊಳೆಯ ಮೇಲೆ ಎಳೆದ ಸೇತುವೆಯ ಗೆರೆ ತೋರಿಸುತ್ತ.

"ಪೂಲಿನ ಮ್ಯಾಲ ನಿಂತವ್ರ ಗತಿ ಏನ್ರಿ?"

"ಅವ್ರನ್ನ ಮದ್ಲ ಇಳಸ್ತಾರ."

"ಸರಕಾರದವ್ರು. ಇಳಸ್ತಾರೋ, ಮರೀತಾರೋ. ಮದ್ಲ ದೂರ ನಿಂತ ನೋಡೂಣು. ಮತ್ತ ಸೋಮವಾರ ನಾ ಎಲ್ಲಿಗೂ ಬರಂಗಿಲ್ಲ, ಪೂಜಿ ಐತಿ."

"ಲಂಡನ್ನಿಗೆ ಹೋಗಿ ಖೋಲ್ಯಾಗ ಕುಂದ್ರಾಕ ಅಷ್ಟ ದೂರ ಹೋಗ್ಬೇಕ?"

ಮಾತು ಮುಗಿಯುವಷ್ಟರಲ್ಲಿ ವೈನಿ ಆ ಹಿಟ್ಟನ್ನೇ ತೆಗೆದು ನಾದಿಬಿಡುತ್ತಿದ್ದರು. ಮರುದಿನ ಅಣ್ಣ ಹೊಸದಾಗಿ ಗೆರೆ ಎಳೆಯಬೇಕಾಗುತ್ತಿತ್ತು.

ಮನೆಯಲ್ಲಿ ಅವ್ವನ ಮಾತೇ ಕಡೆಯ ಮಾತು. ಲಿಂಗಪೂಜೆ ಆಗದೆ ನೀರು ಮುಟ್ಟದವಳು, ಹೊರಗಿನ ಒಲೆಯ ಅನ್ನ ತಿನ್ನದವಳು. ಅವಳು ಬೇಡವೆನ್ನಲಿಲ್ಲ. "ಅಲ್ಲಿ ಕುದಿಸಿದ್ದು ಕರದದ್ದು ಒಂದೂ ಬಾಯಾಗ ಇಡಬ್ಯಾಡ್ರಿ. ಮನಿ ರೊಟ್ಟಿ ತಿರಗಿ ಮನಿಗೆ ಬರೂ ತನಕ ಬಾಳತೈತಿ ಅಂದ್ರ ಹೋಗ್ರಿ" ಎಂದಳು. ವೈನಿ ಲಂಡನ್ ನೋಡುವುದು ಬಿಡುವುದು ಹೀಗೆ ರೊಟ್ಟಿಯ ಮೇಲೆ ನಿಂತಿತು.

ತೆಳ್ಳಗೆ ಬಡಿದು ಒಲೆಯ ಬದಿಗೆ ಒಣಗಿಸಿದ ನಮ್ಮ ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇರುತ್ತದೆ. ಆದರೆ ತೇವದ ಗಾಳಿ ತಾಗಿದರೆ ಮೆತ್ತಗಾಗಿ ಬೂಸು ಹಿಡಿಯುತ್ತದೆ. ಹಡಗಿನ ಮೇಲೆ ಗಾಳಿಯೆಲ್ಲ ನೀರೇ. ವೈನಿ ಯಾರನ್ನೂ ಕೇಳಲಿಲ್ಲ. ಮಳೆಗಾಲ ಹಿಡಿದ ಮೇಲೆ ಚಕ್ಕಡಿ ಹೂಡಿಸಿ, ನನ್ನನ್ನೂ ಕೂರಿಸಿಕೊಂಡು ಗೋಕಾಕ ಫಾಲ್ಸಿಗೆ ಹೊರಟರು. ಘಟಪ್ರಭೆ ಕೆಂಪಗೆ ತುಂಬಿ ಧುಮುಕುತ್ತಿತ್ತು. ನೀರಹನಿಯ ಹೊಗೆ ಅಲ್ಲಿನ ಮನೆಗಳ ಗೋಡೆಯನ್ನೆಲ್ಲ ತೋಯಿಸಿತ್ತು. ಅಂಥ ಒಂದು ಮನೆಯಲ್ಲಿ ಪರಿಚಯದ ಮುದುಕಿಯೊಬ್ಬಳಿದ್ದಳು. ವೈನಿ ಅವಳ ಕಿಟಕಿಯಲ್ಲಿ ರೊಟ್ಟಿಗಳನ್ನಿಟ್ಟರು. ಒಂದಿಷ್ಟು ಅರಿವೆಯಲ್ಲಿ ಕಟ್ಟಿದ್ದವು, ಒಂದಿಷ್ಟು ಮಣ್ಣಿನ ಗಡಿಗೆಯಲ್ಲಿದ್ದವು, ಉಳಿದವು ಮೇಣ ಹಚ್ಚಿ ಮುಚ್ಚಿದ ತಗಡಿನ ಡಬ್ಬಿಯಲ್ಲಿ.

ಮುದುಕಿ ಸೊಂಟಕ್ಕೆ ಕೈ ಇಟ್ಟು ನೋಡಿದಳು. "ಎಲ್ಲಾರೂ ಫಾಲ್ಸ್ ನೋಡಾಕ ಬರ್ತಾರ. ನೀವು ರೊಟ್ಟಿಗಿ ಫಾಲ್ಸ್ ತೋರ್ಸಾಕ ಬಂದೀರಲ್ರೀ ಅಕ್ಕಾರ."

"ಅವೂ ಒಂದೀಟ ತಿರಗಾಡಿ ಬರ್ಲಿ ಬಿಡವಾ" ಎಂದರು ವೈನಿ.

ಮಳೆಗಾಲ ಮುಗಿದು ಮತ್ತೆ ಹೋದಾಗ ಅರಿವೆಯ ರೊಟ್ಟಿಗೆ ಹಸಿರು ಬೂಸು ಹಿಡಿದಿತ್ತು. ಗಡಿಗೆಯದು ಬಾಗುತ್ತಿತ್ತು. ಡಬ್ಬಿಯ ಮೇಣ ಕೆತ್ತಿ ತೆಗೆದ ರೊಟ್ಟಿ ಮಾತ್ರ ಚಟ್ಟೆಂದು ಮುರಿಯಿತು. ದಾರಿಯುದ್ದಕ್ಕೂ ವೈನಿ ಆ ಮುರಿದ ಚೂರನ್ನು ಸೆರಗಿನಲ್ಲಿ ಹಿಡಿದೇ ಇದ್ದರು.

ಅವ್ವ ಚೂರನ್ನು ತಿರುಗಿಸಿ ನೋಡಿದಳು. "ಹೊಳಿ ನೀರ ಬ್ಯಾರೆ, ಸಮುದ್ರದ ನೀರ ಬ್ಯಾರೆ. ಬರೂ ವರ್ಷ ಮತ್ತೊಮ್ಮಿ ನೋಡ್ರಿ" ಎಂದಳು. ಹೆದರಿಕೆಯೋ, ಮಗನನ್ನು ಅಷ್ಟು ದೂರ ಕಳಿಸಲಾರದ ಸಂಕಟವೋ... ಅಣ್ಣನ ಮುಖ ಕೆಂಪಾಯಿತು. ವೈನಿಯೇ ಅವನನ್ನು ತಡೆದು ನಕ್ಕರು. "ಇರ್ಲಿ ಬಿಡ್ರಿ. ಒಂದ ವರ್ಷದಾಗ ಲಂಡನ್ ಎಲ್ಲಿ ಓಡಿ ಹೋಗತೈತಿ?"

ಆ ಒಂದು ವರ್ಷ ತುಂಬುವ ಮೊದಲೇ ಅಲ್ಲಿ ಯುದ್ಧ ಶುರುವಾಯಿತು. ಊರು ನೋಡಲು ಹೋಗುವವರಿಗೆ ಹಡಗು ಇಲ್ಲವಾಯಿತು. ಅಲ್ಲಿ ಬಾಂಬುಗಳು ಬೀಳುತ್ತಿವೆಯೆಂದು ಅಣ್ಣ ಪತ್ರಿಕೆ ಓದಿ ಹೇಳುವಾಗ ವೈನಿ ಯಾವ ಬೀದಿಯಲ್ಲಿ ಎಂದು ಕೇಳುತ್ತಿದ್ದರು, ಅಲ್ಲಿ ನೆಂಟರಿದ್ದವರ ಹಾಗೆ. ಪ್ರಯಾಣಕ್ಕೆಂದು ತುಂಬಿಟ್ಟಿದ್ದ ಡಬ್ಬಿಗಳನ್ನು ಬರಿದು ಮಾಡಲಿಲ್ಲ. ಪ್ರತಿ ಸುಗ್ಗಿಗೆ ಹಳೆಯ ರೊಟ್ಟಿ ತೆಗೆದು ಹೊಸ ಜೋಳದ ರೊಟ್ಟಿ ತುಂಬಿ ಮೇಣ ಹಚ್ಚುತ್ತಿದ್ದರು. ಲಡಾಯಿ ನಿಂತ ಮರುದಿನವೇ ಹಡಗು ಬಿಟ್ಟರೆ ಬುತ್ತಿ ಇಲ್ಲವೆಂದು ನಿಲ್ಲಬಾರದಲ್ಲ ಎನ್ನುತ್ತಿದ್ದರು.

ಲಡಾಯಿ ನಿಲ್ಲುವ ಮೊದಲೇ ಅಣ್ಣ ಹೋದ. ಚಳಿಗಾಲದಲ್ಲಿ ಬಂದ ಜ್ವರ ಎದೆಗೆ ಇಳಿದು, ಗೋಕಾಕದಿಂದ ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಣ್ಣು ಮಾಡಿ ಬಂದ ಸಂಜೆ ಅಂಕಲಗಿ, ಸಂಕೇಶ್ವರದ ಕಡೆಯ ಮಂದಿಯೆಲ್ಲ ಅಂಗಳದಲ್ಲಿ ಕೂತಿದ್ದರು. ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ನೆರೆಯವರು ತಂದ ಅಡುಗೆ ಸಾಲಲಿಲ್ಲ, ಮಕ್ಕಳು ಹಸಿದು ಅಳುತ್ತಿದ್ದವು.

ಮೂಲೆಯಲ್ಲಿ ಕೂತಿದ್ದ ವೈನಿ ಎದ್ದರು. ಡಬ್ಬಿಗಳನ್ನು ಒಂದೊಂದಾಗಿ ಇಳಿಸಿ, ಮೇಣ ಕೆತ್ತಿ, ತಾವೇ ಬಡಿಸುತ್ತ ಬಂದರು. ಅಂಗಳದ ತುಂಬ ರೊಟ್ಟಿ ಮುರಿಯುವ ಸದ್ದು...

ಅವ್ವನೂ ಒಂದು ಮುರಿದಳು. ಚೂರನ್ನು ಬೆರಳಲ್ಲಿ ಹಿಡಿದು ಅಂದಿನಂತೆಯೇ ತಿರುಗಿಸಿ ನೋಡಿದಳು. "ಏನೂ ಆಗಿಲ್ಲ ಇದಕ್ಕ" ಎಂದಳು. ಆಮೇಲೆ, "ನಾ ಕಳಿಸ್ಬೇಕಾಗಿತ್ತು."

"ತಿನ್ರಿ ಅತ್ಯಾರ" ಎಂದರು ವೈನಿ, ಅವಳ ತಾಟಿಗೆ ಶೇಂಗಾ ಚಟ್ನಿ ಹಾಕುತ್ತ. ಆ ದಿನ ಅವರು ಮಾತ್ರ ಏನೂ ತಿನ್ನಲಿಲ್ಲ.

ಯುದ್ಧ ಮುಗಿದ ಮೇಲೆ ಒಮ್ಮೆ ತವರಿಗೆ ಹೋಗಿದ್ದಾಗ, ಯಾರ ಜೊತೆಯಾದರೂ ಹೋಗಿ ಬರಬಹುದಲ್ಲ ವೈನಿ ಎಂದೆ. ಕೈಯಲ್ಲಿದ್ದ ಕೆಲಸ ಬಿಡದೆ ಹೇಳಿದರು, "ಹಾದಿ ಅವ್ರಿಗೆ ಗೊತ್ತಿತ್ತವಾ. ನಂಗ ಬರೇ ರೊಟ್ಟಿ ಗೊತ್ತಿತ್ತು."

ಮೊನ್ನೆ ನಮ್ಮ ಮನೆಯವರು ಪತ್ರಿಕೆ ಓದುತ್ತ, ಮುಂಬಯಿಯಿಂದ ವಿಲಾಯತಿಗೆ ಜನರನ್ನು ಒಯ್ಯುವ ಹಡಗುಗಳು ಈಗ ಹೆಚ್ಚಾಗಿವೆಯಂತೆ ಎಂದರು. ಬರುವ ಅಮಾವಾಸ್ಯೆಗೆ ಮೂಡಲಗಿಗೆ ಹೋದಾಗ ವೈನಿಗೆ ಹೇಳಬೇಕು ಎಂದುಕೊಂಡೆ. ಎಂದುಕೊಂಡು, ಸೆರಗಿಗೆ ಕೈ ಒರೆಸಿಕೊಂಡು ಏಳುವಷ್ಟರಲ್ಲಿ ವೈನಿ ಈಗ ಇಲ್ಲವೆಂದು ನೆನಪಾಯಿತು. ಮನೆಯವರು ಇನ್ನೊಮ್ಮೆ ಓದಲೇ ಎಂದು ಕೇಳಿದರು. ಬೇಡ ಎಂದೆ.